ಭೂಕಕ್ಷೆ ದಾಟುವ ಕ್ಷುದ್ರಗ್ರಹಗಳು

ಸೂರ್ಯನನ್ನು ಸುತ್ತುವ ದಾರಿಯಲ್ಲಿ ಭೂಮಿಯ ಕಕ್ಷೆಯನ್ನು ಅಡ್ಡಹಾಯುವ ಕ್ಷುದ್ರಗ್ರಹಗಳು. ಭೂಮಿ ಮತ್ತು ಸೂರ್ಯರ ನಡುವಿನ ಸರಾಸರಿ ದೂರ, ಅಂದರೆ ಸುಮಾರು 15 ಕೋಟಿ ಕಿ.ಮೀ., ಒಂದು ಖಗೋಳಮಾನ. ಭೂಕಕ್ಷೆ ಪರಿಪೂರ್ಣ ವೃತ್ತವಲ್ಲದ ಕಾರಣ ಈ ದೂರ 0.983ರಿಂದ 1.017 ಖಗೋಳಮಾನದವರೆಗೆ ಹಿಗ್ಗಿ ಕುಗ್ಗುತ್ತದೆ. ವರ್ಗೀಕರಣದ ಗಡಿಗಳನ್ನು ಎಳೆದಿರುವುದು ಈ ಎರಡು ಅಂಕಿಗಳ ಮೇಲೆಯೇ.

ಸೂರ್ಯನಿಗೆ 1.3 ಖಗೋಳಮಾನಕ್ಕಿಂತ ಹತ್ತಿರ ಬರುವವೆಲ್ಲ ಭೂಸಮೀಪದ ಕ್ಷುದ್ರಗ್ರಹಗಳು. ಅವುಗಳಲ್ಲಿ ನಾಲ್ಕು ಗುಂಪುಗಳಿದ್ದರೂ ಭೂಕಕ್ಷೆ ದಾಟುವವು ಎರಡೇ. ಮೊದಲನೆಯದು ಅಪೊಲೊ: ಕಕ್ಷೆಯ ಸರಾಸರಿ ದೂರ ಭೂಮಿಯದಕ್ಕಿಂತ ಹೆಚ್ಚು, ಆದರೆ ಪುರರವಿಯಲ್ಲಿ, ಅಂದರೆ ಸೂರ್ಯನಿಗೆ ಅತಿ ಸಮೀಪದ ಬಿಂದುವಿನಲ್ಲಿ, 1.017ಕ್ಕಿಂತ ಒಳಗೆ ನುಗ್ಗುತ್ತವೆ. ಈ ಗುಂಪಿಗೆ ಹೆಸರು ಕೊಟ್ಟ ಕಾಯವನ್ನು 1932ರಲ್ಲಿ ಹೈಡೆಲ್‌ಬರ್ಗ್‌ನಲ್ಲಿ ಕಾರ್ಲ್ ರೈನ್‌ಮುತ್ ಕಂಡುಹಿಡಿದರು. ಅದು ಬೇಗನೆ ಕಣ್ಮರೆಯಾಗಿ, ಮತ್ತೆ ಸಿಕ್ಕಿದ್ದು 1973ರಲ್ಲಿ. ಜಪಾನಿನ ನೌಕೆ ಮುಟ್ಟಿಬಂದ ಇಟೊಕಾವಾ, ಅಮೆರಿಕದ ನೌಕೆ 2023ರಲ್ಲಿ ಮಾದರಿ ತಂದ ಬೆನ್ನು, ಎರಡೂ ಅಪೊಲೊಗಳೇ. ಎರಡನೆಯ ಗುಂಪು ಅಟೆನ್. ಇವುಗಳ ಸರಾಸರಿ ದೂರ ಭೂಮಿಯದಕ್ಕಿಂತ ಕಡಿಮೆ, ಸೂರ್ಯನಿಂದ ಅತಿ ದೂರದ ಬಿಂದುವಾದ ಅಪರವಿ ಮಾತ್ರ 0.983ರ ಆಚೆ. ಮೊದಲ ಅಟೆನ್ ಅನ್ನು 1976ರಲ್ಲಿ ಪಾಲೊಮಾರ್‌ನಲ್ಲಿ ಎಲಿನಾರ್ ಹೆಲಿನ್ ಪತ್ತೆಹಚ್ಚಿದರು.

ಉಳಿದ ಅಮೋರ್‌ಗಳು ಹೊರಗಿನಿಂದ, ಅಟಿರಾಗಳು ಒಳಗಿನಿಂದ ಭೂಕಕ್ಷೆಯ ಸಮೀಪ ಬಂದರೂ ದಾಟುವುದಿಲ್ಲ.

ದಾಟುವುದೆಂದರೆ ಡಿಕ್ಕಿಯೆಂದಲ್ಲ. ಕಾಗದದ ಮೇಲೆ ಒಂದನ್ನೊಂದು ಕತ್ತರಿಸುವ ಎರಡು ಕಕ್ಷೆಗಳು ಆಕಾಶದಲ್ಲಿ, ಮೇಲ್ಸೇತುವೆ ಮತ್ತು ಅದರಡಿಯ ರಸ್ತೆಯಂತೆ, ಬೇರೆಬೇರೆ ಎತ್ತರದಲ್ಲಿ ಹಾಯ್ದಿರಬಹುದು. ಆದ್ದರಿಂದ ಅಪಾಯ ಅಳೆಯಲು ಗುಂಪಿನ ಹೆಸರು ಸಾಲದು. ಎರಡು ಕಕ್ಷೆಗಳ ನಡುವಿನ ಕನಿಷ್ಠ ಅಂತರ ಬೇಕು. ಅದು 0.05 ಖಗೋಳಮಾನ, ಎಂದರೆ ಸುಮಾರು 75 ಲಕ್ಷ ಕಿ.ಮೀ. ಮೀರದೆ, ಕಾಯದ ಅಗಲ ಸುಮಾರು 140 ಮೀಟರ್ ಅಥವಾ ಹೆಚ್ಚಾಗಿದ್ದರೆ ಅದು ‘ಅಪಾಯಕಾರಿಯಾಗಬಲ್ಲ’ ಪಟ್ಟಿಗೆ ಸೇರುತ್ತದೆ. ಈ ಗಾತ್ರದ ಮಿತಿಯನ್ನು ಅಭಯವೆಂದು ಭಾವಿಸಬಾರದು. 2013ರ ಫೆಬ್ರವರಿ 15ರಂದು ರಷ್ಯಾದ ಚೆಲ್ಯಾಬಿನ್‌ಸ್ಕ್ ಮೇಲೆ ಸಿಡಿದ ಬಂಡೆ ಸುಮಾರು 20 ಮೀಟರಿನದು, ಸೂರ್ಯನ ದಿಕ್ಕಿನಿಂದ ಬಂದದ್ದರಿಂದ ಯಾವ ದೂರದರ್ಶಕಕ್ಕೂ ಮೊದಲೇ ಕಾಣಲಿಲ್ಲ. ಸಾವಿರಕ್ಕೂ ಹೆಚ್ಚು ಜನ ಗಾಯಗೊಂಡರು, ಬಹುಪಾಲು ಒಡೆದ ಕಿಟಕಿ ಗಾಜಿನಿಂದ.

ಗುಂಪು ಶಾಶ್ವತವೂ ಅಲ್ಲ, ಗ್ರಹಗಳ ಗುರುತ್ವ ಕಕ್ಷೆಯನ್ನೇ ತಿದ್ದಬಲ್ಲದು. 2004ರಲ್ಲಿ ಪತ್ತೆಯಾದ ಅಪೋಫಿಸ್ ಈಗ ಅಟೆನ್. 2029ರ ಏಪ್ರಿಲ್ 13ರಂದು ಅದು ಭೂಮಿಯ ನೆಲದಿಂದ ಸುಮಾರು 32,000 ಕಿ.ಮೀ. ಎತ್ತರದಲ್ಲಿ, ಭೂಸ್ಥಿರ ಉಪಗ್ರಹಗಳಿಗಿಂತ ಕೆಳಗೆ, ಸುರಕ್ಷಿತವಾಗಿ ಹಾದುಹೋಗಲಿದೆ. ಆಗ ಭೂಮಿಯ ಸೆಳೆತ ಅದರ ಕಕ್ಷೆಯನ್ನು ಹಿಗ್ಗಿಸುವುದರಿಂದ ಅಂದಿನಿಂದ ಅದು ಅಪೊಲೊಗಳ ಸಾಲಿಗೆ ಸೇರುತ್ತದೆ.