ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ವೈದ್ಯರ ಮತ್ತು ಪಾದವೈದ್ಯರ ಪರವಾನಗಿ

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ವೈದ್ಯವೃತ್ತಿಯನ್ನು ಕೈಗೊಳ್ಳಲು ಬೇಕಾದ ಕಾನೂನುಬದ್ಧ ಅನುಮತಿಯನ್ನು ಕೇಂದ್ರ ಸರ್ಕಾರವು ನೀಡುವುದಿಲ್ಲ. ಪ್ರತಿಯೊಂದು ರಾಜ್ಯವೂ ತನ್ನದೇ ಕಾಯಿದೆ ಮತ್ತು ಮಂಡಳಿಯ ಮೂಲಕ ನೀಡುತ್ತದೆ. ಎಂ.ಡಿ. ಅಥವಾ ಡಿ.ಒ. ಪದವಿ ಪಡೆದವರು ವೈದ್ಯರೆಂದೂ, ಡಿ.ಪಿ.ಎಂ. ಪದವಿ ಪಡೆದು ಪಾದದ ರೋಗಗಳ ಚಿಕಿತ್ಸೆಗೆ ಮೀಸಲಾದವರು ಪೊಡಿಯಾಟ್ರಿಸ್ಟ್ ಅಥವಾ ಪಾದವೈದ್ಯರೆಂದೂ ಪ್ರತ್ಯೇಕವಾಗಿ ಪರವಾನಗಿ ಪಡೆಯುತ್ತಾರೆ. ಒಂದು ರಾಜ್ಯದ ಪರವಾನಗಿಯು ಮತ್ತೊಂದು ರಾಜ್ಯದಲ್ಲಿ ತಾನಾಗಿಯೇ ಊರ್ಜಿತವಾಗುವುದಿಲ್ಲ. ಭಾರತದಲ್ಲಿ ರಾಷ್ಟ್ರೀಯ ವೈದ್ಯಕೀಯ ದಾಖಲೆ ಪುಸ್ತಕದಲ್ಲಿ ಹೆಸರಿರುವ ವೈದ್ಯರಿಗೆ ದೇಶದ ಎಲ್ಲೆಡೆಯೂ ವೃತ್ತಿ ನಡೆಸುವ ಹಕ್ಕಿರುವುದರಿಂದ, ಅಲ್ಲಿನ ಈ ವ್ಯವಸ್ಥೆಯು ಭಾರತೀಯ ಓದುಗರಿಗೆ ಅಪರಿಚಿತವೆನಿಸಬಹುದು.

ಕಾನೂನಿನ ಹಿನ್ನೆಲೆ

ಅಮೆರಿಕದ ಸಂವಿಧಾನದ ಹತ್ತನೆಯ ತಿದ್ದುಪಡಿಯಂತೆ, ಕೇಂದ್ರಕ್ಕೆ ವಹಿಸದ ಅಧಿಕಾರಗಳು ರಾಜ್ಯಗಳಲ್ಲಿಯೇ ಉಳಿಯುತ್ತವೆ. ಜನರ ಆರೋಗ್ಯ ಮತ್ತು ಸುರಕ್ಷತೆಯನ್ನು ಕಾಯುವ ಅಧಿಕಾರವು ಅವುಗಳಲ್ಲೊಂದು. ವೈದ್ಯರ ಪರವಾನಗಿಯೂ ಈ ಅಧಿಕಾರದ ಅಡಿಯಲ್ಲಿಯೇ ಬರುತ್ತದೆ.

ಈ ಅಧಿಕಾರವನ್ನು ಸರ್ವೋಚ್ಚ ನ್ಯಾಯಾಲಯವು 1889ರಲ್ಲಿ ಡೆಂಟ್ ವಿರುದ್ಧ ವೆಸ್ಟ್ ವರ್ಜೀನಿಯಾ ಮೊಕದ್ದಮೆಯಲ್ಲಿ ಎತ್ತಿಹಿಡಿಯಿತು. ವೆಸ್ಟ್ ವರ್ಜೀನಿಯಾದ ಅಂದಿನ ಕಾಯಿದೆಯು ವೈದ್ಯರಿಗೆ ಮೂರು ದಾರಿಗಳನ್ನು ತೋರಿಸಿತ್ತು: ಗೌರವಾನ್ವಿತ ಕಾಲೇಜೊಂದರ ಪದವಿ, ಕಾಯಿದೆಗೆ ಹಿಂದಿನ ಹತ್ತು ವರ್ಷ ಆ ರಾಜ್ಯದಲ್ಲಿ ಎಡೆಬಿಡದೆ ವೃತ್ತಿ ನಡೆಸಿದ ಪುರಾವೆ, ಇಲ್ಲವೇ ಮಂಡಳಿಯ ಪರೀಕ್ಷೆಯಲ್ಲಿ ತೇರ್ಗಡೆ. ಫ್ರಾಂಕ್ ಡೆಂಟ್ ಎಂಬ ವೈದ್ಯನು ಕೆಲವು ವರ್ಷಗಳಿಂದ ವೃತ್ತಿ ನಡೆಸುತ್ತಿದ್ದನು. ಆದರೆ ಅವನಿಗೆ ಹತ್ತು ವರ್ಷ ತುಂಬಿರಲಿಲ್ಲ, ಸಿನ್ಸಿನಾಟಿಯ ಎಕ್ಲೆಕ್ಟಿಕ್ ಪದ್ಧತಿಯ ಕಾಲೇಜಿನಿಂದ ಅವನು ಪಡೆದಿದ್ದ ಪದವಿಯನ್ನು ಮಂಡಳಿಯು ಒಪ್ಪಲಿಲ್ಲ. ಪರವಾನಗಿಯಿಲ್ಲದೆ ಚಿಕಿತ್ಸೆ ನೀಡಿದ್ದಕ್ಕಾಗಿ ಅವನಿಗೆ 50 ಡಾಲರ್ ದಂಡ ವಿಧಿಸಲಾಯಿತು. ನ್ಯಾಯಮೂರ್ತಿ ಸ್ಟೀಫನ್ ಫೀಲ್ಡ್ ಬರೆದ ತೀರ್ಪು, ಮನುಷ್ಯನಿಗೆ ತಾನು ಆರಿಸಿಕೊಂಡ ವೃತ್ತಿಯಲ್ಲಿ ತೊಡಗುವ ಹಕ್ಕಿದೆಯೆಂದು ಒಪ್ಪಿಕೊಂಡಿತು. ಆದರೆ ವೈದ್ಯನ ಅರ್ಹತೆಯನ್ನು ರೋಗಿಯು ತಾನೇ ಅಳೆಯಲಾರನಾದ್ದರಿಂದ, ಅಳೆದು ಹೇಳುವ ಹೊಣೆಯನ್ನು ರಾಜ್ಯವು ವಹಿಸಿಕೊಳ್ಳಬಹುದೆಂದು ನಿರ್ಧರಿಸಿತು. ನಂತರದ ಪರವಾನಗಿ ಕಾಯಿದೆಗಳಿಗೆಲ್ಲ ಈ ತೀರ್ಪೇ ಆಧಾರವಾಯಿತು. 1898ರ ಹಾಕರ್ ವಿರುದ್ಧ ನ್ಯೂಯಾರ್ಕ್ ತೀರ್ಪು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಗಂಭೀರ ಅಪರಾಧಕ್ಕೆ ಶಿಕ್ಷೆಯಾದವನಿಗೆ ವೃತ್ತಿಯನ್ನು ನಿಷೇಧಿಸುವುದು ಸಿಂಧುವೆಂದಿತು. ಅಂದಿನಿಂದ ವಿದ್ಯಾರ್ಹತೆಯಂತೆಯೇ ನಡತೆಯೂ ಪರವಾನಗಿಯ ಷರತ್ತಾಯಿತು.

ಇತಿಹಾಸ

ವಸಾಹತು ಕಾಲದಲ್ಲಿಯೂ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿಯೂ ಕೆಲವೆಡೆ ವೈದ್ಯರ ಸಂಘಗಳೇ ಪರವಾನಗಿ ನೀಡುತ್ತಿದ್ದವು. 1830 ಮತ್ತು 1840ರ ದಶಕಗಳಲ್ಲಿ, ಯಾವ ವರ್ಗಕ್ಕೂ ವಿಶೇಷ ಸವಲತ್ತು ಇರಬಾರದೆಂಬ ಜನಾಭಿಪ್ರಾಯ ಬಲಗೊಂಡಾಗ, ಬಹುತೇಕ ರಾಜ್ಯಗಳು ಈ ಕಾನೂನುಗಳನ್ನು ರದ್ದುಪಡಿಸಿದವು. ನಂತರದ ಕೆಲವು ದಶಕಗಳ ಕಾಲ ಯಾರು ಬೇಕಾದರೂ ವೈದ್ಯನೆಂಬ ಫಲಕವನ್ನು ತೂಗುಹಾಕಬಹುದಾಗಿತ್ತು. ಅಂತರ್ಯುದ್ಧದ ತರುವಾಯ ಗಾಳಿ ಮತ್ತೆ ತಿರುಗಿತು. 1870ರ ದಶಕದಲ್ಲಿ ಟೆಕ್ಸಾಸ್, ಇಲಿನಾಯ್ ಮೊದಲಾದ ರಾಜ್ಯಗಳು ಹೊಸ ಕಾಯಿದೆಗಳನ್ನು ತಂದವು.

1910ರಲ್ಲಿ ಕಾರ್ನೆಗಿ ಪ್ರತಿಷ್ಠಾನದ ಪರವಾಗಿ ಅಬ್ರಹಾಂ ಫ್ಲೆಕ್ಸ್‌ನರ್ ಪ್ರಕಟಿಸಿದ ವರದಿಯು ಅಮೆರಿಕ ಮತ್ತು ಕೆನಡಾಗಳ 155 ವೈದ್ಯಕೀಯ ಶಾಲೆಗಳನ್ನು ಪರಿಶೀಲಿಸಿ, ಬಹುಪಾಲು ಶಾಲೆಗಳು ಪ್ರಯೋಗಾಲಯವಾಗಲಿ ಆಸ್ಪತ್ರೆಯಾಗಲಿ ಇಲ್ಲದ ವ್ಯಾಪಾರದಂಗಡಿಗಳೆಂದು ಸಾರಿತು. ರಾಜ್ಯ ಮಂಡಳಿಗಳು ಕಳಪೆ ಶಾಲೆಗಳ ಪದವೀಧರರಿಗೆ ಪರವಾನಗಿ ನಿರಾಕರಿಸತೊಡಗಿದಂತೆ ಅವು ಒಂದೊಂದಾಗಿ ಮುಚ್ಚಿದವು. ಶಿಕ್ಷಣದ ಮಟ್ಟವೇನೋ ಏರಿತು. ಆದರೆ ಕಪ್ಪುಜನರಿಗಾಗಿ ಇದ್ದ ಏಳು ಶಾಲೆಗಳಲ್ಲಿ ಹೊವಾರ್ಡ್ ಮತ್ತು ಮೆಹಾರಿ ಎರಡೇ ಉಳಿದವು. ಅದರ ಪರಿಣಾಮವನ್ನು ಆ ಸಮುದಾಯವು ಮುಂದೆ ದಶಕಗಳ ಕಾಲ ಅನುಭವಿಸಿತು. ರಾಜ್ಯ ವೈದ್ಯಕೀಯ ಮಂಡಳಿಗಳ ಒಕ್ಕೂಟವು 1912ರಲ್ಲಿ, ರಾಷ್ಟ್ರೀಯ ವೈದ್ಯಕೀಯ ಪರೀಕ್ಷಕ ಮಂಡಳಿಯು 1915ರಲ್ಲಿ ಸ್ಥಾಪನೆಯಾದವು.

ಆಸ್ಟಿಯೋಪಥಿ ಪದ್ಧತಿಯ ವೈದ್ಯರ ಕಥೆ ಬೇರೆ. ಆಂಡ್ರೂ ಟೇಲರ್ ಸ್ಟಿಲ್ 1892ರಲ್ಲಿ ಮಿಸೌರಿಯ ಕರ್ಕ್ಸ್‌ವಿಲ್‌ನಲ್ಲಿ ಅವರ ಮೊದಲ ಶಾಲೆಯನ್ನು ತೆರೆದರು. 1896ರಲ್ಲಿ ವರ್ಮಾಂಟ್ ಅವರಿಗೆ ಮೊದಲು ಮಾನ್ಯತೆ ನೀಡಿತು. ಇಂದು ಎಲ್ಲ ರಾಜ್ಯಗಳಲ್ಲಿಯೂ ಡಿ.ಒ. ಪದವೀಧರರಿಗೆ ಎಂ.ಡಿ.ಗಳಷ್ಟೇ ಪೂರ್ಣ ಹಕ್ಕುಗಳಿವೆ. ಪಾದವೈದ್ಯರಿಗೆ ಅಂತಹ ಸಮಾನತೆ ದೊರೆತಿಲ್ಲ.

ವೈದ್ಯರಿಗೆ ಬೇಕಾದ ಅರ್ಹತೆಗಳು

ವಿವರಗಳಲ್ಲಿ ರಾಜ್ಯದಿಂದ ರಾಜ್ಯಕ್ಕೆ ಭೇದವಿದ್ದರೂ ಚೌಕಟ್ಟು ಒಂದೇ. ಅರ್ಜಿದಾರನು ಮಾನ್ಯತೆ ಪಡೆದ ಶಾಲೆಯಿಂದ ಪದವಿ ಪಡೆದಿರಬೇಕು, ರಾಷ್ಟ್ರಮಟ್ಟದ ಪರೀಕ್ಷೆಯಲ್ಲಿ ತೇರ್ಗಡೆಯಾಗಿರಬೇಕು, ಪದವಿಯ ನಂತರ ಆಸ್ಪತ್ರೆಯಲ್ಲಿ ರೆಸಿಡೆನ್ಸಿ ತರಬೇತಿಯನ್ನು ಪಡೆದಿರಬೇಕು, ಅಪರಾಧ ಹಿನ್ನೆಲೆಯ ಪರಿಶೀಲನೆಗೆ ಒಳಪಡಬೇಕು. ಟೆಕ್ಸಾಸ್‌ನಂತಹ ಕೆಲವು ರಾಜ್ಯಗಳು ಸ್ಥಳೀಯ ಕಾನೂನಿನ ತಿಳಿವಳಿಕೆಯನ್ನು ಅಳೆಯಲು ಪ್ರತ್ಯೇಕ ಪರೀಕ್ಷೆಯನ್ನೂ ನಡೆಸುತ್ತವೆ.

ಎಂ.ಡಿ. ಪದವೀಧರರು ಬರೆಯುವ ಯು.ಎಸ್.ಎಂ.ಎಲ್.ಇ. ಪರೀಕ್ಷೆಯು 1992ರಲ್ಲಿ ಆರಂಭವಾಯಿತು. ಅದಕ್ಕೆ ಮೂರು ಹಂತಗಳಿವೆ. ಮೂರನೆಯದನ್ನು ಸಾಮಾನ್ಯವಾಗಿ ರೆಸಿಡೆನ್ಸಿಯ ಅವಧಿಯಲ್ಲಿ ಎರಡು ದಿನ ಬರೆಯಬೇಕು. ಕೃತಕ ರೋಗಿಗಳನ್ನು ಪರೀಕ್ಷಿಸಿ ತೋರಿಸಬೇಕಾಗಿದ್ದ ಭಾಗವನ್ನು ಕೋವಿಡ್ ಸಾಂಕ್ರಾಮಿಕದ ಕಾಲದಲ್ಲಿ ನಿಲ್ಲಿಸಿ, 2021ರಲ್ಲಿ ಶಾಶ್ವತವಾಗಿ ಕೈಬಿಡಲಾಯಿತು. 2022ರ ಜನವರಿಯಿಂದ ಮೊದಲ ಹಂತದ ಫಲಿತಾಂಶದಲ್ಲಿ ಅಂಕಗಳನ್ನು ತೋರಿಸದೆ ಉತ್ತೀರ್ಣ ಅಥವಾ ಅನುತ್ತೀರ್ಣ ಎಂದಷ್ಟೇ ತಿಳಿಸಲಾಗುತ್ತಿದೆ. ಪ್ರತಿ ಹಂತಕ್ಕೆ ಗರಿಷ್ಠ ನಾಲ್ಕು ಪ್ರಯತ್ನಗಳ ಮಿತಿಯಿದೆ. ಡಿ.ಒ. ಪದವೀಧರರಿಗೆ ಕಾಮ್ಲೆಕ್ಸ್ ಎಂಬ ಸಮಾನಾಂತರ ಪರೀಕ್ಷೆಯಿದೆ.

ಪರವಾನಗಿಗೂ ವಿಶೇಷಜ್ಞತೆಯ ಪ್ರಮಾಣಪತ್ರಕ್ಕೂ ವ್ಯತ್ಯಾಸವಿದೆ. ಇವೆರಡನ್ನು ಒಂದೆಂದು ತಿಳಿಯುವುದು ಸಾಮಾನ್ಯ. ರಾಜ್ಯದ ಪರವಾನಗಿಯು ಯಾವುದೇ ಶಾಖೆಗೆ ಸೀಮಿತವಲ್ಲ. ಕಾನೂನಿನ ದೃಷ್ಟಿಯಿಂದ ಚರ್ಮರೋಗ ತಜ್ಞನು ಹೃದಯದ ಶಸ್ತ್ರಕ್ರಿಯೆ ಮಾಡಲು ಅಡ್ಡಿಯಿಲ್ಲ. ಅವನನ್ನು ತಡೆಯುವುದು ಆಸ್ಪತ್ರೆಯ ಆಂತರಿಕ ಅನುಮತಿ, ವಿಮಾ ಸಂಸ್ಥೆ ಮತ್ತು ನಷ್ಟಪರಿಹಾರ ಮೊಕದ್ದಮೆಯ ಭಯ. ನಿಯಂತ್ರಿತ ಔಷಧಗಳನ್ನು ಬರೆದುಕೊಡಲು ಇದಲ್ಲದೆ ಕೇಂದ್ರದ ಮಾದಕವಸ್ತು ನಿಯಂತ್ರಣ ಸಂಸ್ಥೆಯಲ್ಲಿ ನೋಂದಣಿ ಬೇಕು.

ಹೊರದೇಶದ ಪದವೀಧರರು

ಹೊರದೇಶಗಳಲ್ಲಿ ಕಲಿತ ವೈದ್ಯರು ಮೊದಲು ಇ.ಸಿ.ಎಫ್.ಎಂ.ಜಿ. ಪ್ರಮಾಣಪತ್ರವನ್ನು ಪಡೆಯಬೇಕು. 1956ರಲ್ಲಿ ಸ್ಥಾಪಿತವಾದ ಈ ಸಂಸ್ಥೆಯು ಪದವಿಯನ್ನು ಅದನ್ನು ನೀಡಿದ ಸಂಸ್ಥೆಯಿಂದಲೇ ನೇರವಾಗಿ ಪರಿಶೀಲಿಸುತ್ತದೆ. ಎಂ.ಬಿ.ಬಿ.ಎಸ್. ಪದವಿಯನ್ನು ಎಂ.ಡಿ.ಗೆ ಸಮಾನವೆಂದು ಪರಿಗಣಿಸಲಾಗುತ್ತದೆ. ಕರ್ನಾಟಕದ ಕಾಲೇಜುಗಳಿಂದ ಹೋದ ಬಹಳಷ್ಟು ವೈದ್ಯರು ಈ ದಾರಿಯಲ್ಲಿಯೇ ಸಾಗಿದ್ದಾರೆ. ಭಾರತದ ರಾಷ್ಟ್ರೀಯ ವೈದ್ಯಕೀಯ ಆಯೋಗಕ್ಕೆ 2023ರಲ್ಲಿ ವಿಶ್ವ ವೈದ್ಯಕೀಯ ಶಿಕ್ಷಣ ಒಕ್ಕೂಟದ ಮಾನ್ಯತೆಯು ಹತ್ತು ವರ್ಷಗಳ ಅವಧಿಗೆ ದೊರೆತದ್ದು ಈ ಪದವೀಧರರಿಗೆ ಮುಖ್ಯವಾದ ಬೆಳವಣಿಗೆ.

ಇವರ ಪಾಲಿಗೆ ನಿಜವಾದ ತಡೆಯು ಪರೀಕ್ಷೆಗಿಂತ ಹೆಚ್ಚಾಗಿ ರೆಸಿಡೆನ್ಸಿಯದು. ಸ್ವದೇಶದಲ್ಲಿ ಹತ್ತಾರು ವರ್ಷ ಶಸ್ತ್ರಚಿಕಿತ್ಸಕರಾಗಿದ್ದವರು ಸಹ ಅಲ್ಲಿ ಹೊಸಬರ ಸಾಲಿನಲ್ಲಿ ನಿಂತು ತರಬೇತಿಯನ್ನು ಮೊದಲಿನಿಂದ ಮಾಡಬೇಕಾಗಿತ್ತು. ಸ್ಥಳೀಯ ಪದವೀಧರರಿಗೆ ಅನೇಕ ರಾಜ್ಯಗಳು ಒಂದು ವರ್ಷದ ತರಬೇತಿಯನ್ನು ಸಾಕೆಂದರೆ, ಹೊರಗಿನವರಿಂದ ಎರಡು ಅಥವಾ ಮೂರು ವರ್ಷಗಳನ್ನು ಕೇಳುತ್ತವೆ. 2023ರಲ್ಲಿ ಟೆನೆಸ್ಸಿಯು ಈ ನಿಯಮವನ್ನು ಸಡಿಲಿಸಿ, ಹೊರದೇಶದಲ್ಲಿ ತರಬೇತಿ ಪಡೆದ ಅರ್ಹ ವೈದ್ಯರಿಗೆ ಮೇಲ್ವಿಚಾರಣೆಯಲ್ಲಿ ದುಡಿಯಲು ತಾತ್ಕಾಲಿಕ ಪರವಾನಗಿ ನೀಡುವ ಕಾಯಿದೆಯನ್ನು ಅಂಗೀಕರಿಸಿತು. ಗ್ರಾಮೀಣ ಭಾಗಗಳಲ್ಲಿ ವೈದ್ಯರ ಕೊರತೆಯಿರುವ ಹಲವು ರಾಜ್ಯಗಳು ಅದನ್ನು ಅನುಸರಿಸಿವೆ.

ಪಾದವೈದ್ಯರು

ಪಾದವೈದ್ಯಕೀಯದ ಹಳೆಯ ಹೆಸರು ಕೈರೋಪೊಡಿ. ಆಣಿ ಕೀಳುವುದು, ಉಗುರು ಸರಿಪಡಿಸುವುದು ಮೊದಲಾದ ಕೆಲಸಗಳನ್ನು ಮಾಡುತ್ತಿದ್ದವರ ಕಸುಬು ಅದು. ಅಧ್ಯಕ್ಷ ಅಬ್ರಹಾಂ ಲಿಂಕನ್ನರ ಪಾದಗಳಿಗೆ ಚಿಕಿತ್ಸೆ ನೀಡಿದ ಐಸಾಕರ್ ಜಕಾರಿ ಎಂಬಾತನು ಅವರಿಂದ 1862ರಲ್ಲಿ ಪ್ರಶಂಸಾಪತ್ರವನ್ನೇ ಪಡೆದಿದ್ದನು. ಪರವಾನಗಿಯಿಲ್ಲದ ಕಾಲದಲ್ಲಿ ಇದಕ್ಕಿಂತ ಹೆಚ್ಚಿನ ಶಿಫಾರಸು ಸಿಗುವುದು ಕಷ್ಟವೇ ಆಗಿತ್ತು. 1895ರಲ್ಲಿ ನ್ಯೂಯಾರ್ಕ್‌ನಲ್ಲಿ ಅವರ ಮೊದಲ ಸಂಘ ಸ್ಥಾಪನೆಯಾಯಿತು. ರಾಷ್ಟ್ರೀಯ ಸಂಘವು 1912ರಲ್ಲಿ ಹುಟ್ಟಿತು.

ಇಂದಿನ ಪಾದವೈದ್ಯರು ಕಾಲೇಜು ಶಿಕ್ಷಣದ ಬಳಿಕ ನಾಲ್ಕು ವರ್ಷಗಳ ಡಿ.ಪಿ.ಎಂ. ವ್ಯಾಸಂಗವನ್ನೂ, ನಂತರ ಸಾಮಾನ್ಯವಾಗಿ ಮೂರು ವರ್ಷಗಳ ಶಸ್ತ್ರಚಿಕಿತ್ಸಾ ರೆಸಿಡೆನ್ಸಿಯನ್ನೂ ಮುಗಿಸುತ್ತಾರೆ. ಅವರ ಪರೀಕ್ಷೆಯಾದ ಎ.ಪಿ.ಎಂ.ಎಲ್.ಇ.ಯನ್ನು ರಾಷ್ಟ್ರೀಯ ಪಾದವೈದ್ಯಕೀಯ ಪರೀಕ್ಷಕ ಮಂಡಳಿಯು ನಡೆಸುತ್ತದೆ. ಎಂ.ಬಿ.ಬಿ.ಎಸ್. ಪದವೀಧರನು ತನ್ನ ಪದವಿಯ ಬಲದಿಂದ ಪಾದವೈದ್ಯನ ಪರವಾನಗಿ ಪಡೆಯಲಾಗದು, ಅದಕ್ಕೆ ಡಿ.ಪಿ.ಎಂ. ವ್ಯಾಸಂಗವೇ ಬೇಕು.

ಮಂಡಳಿಗಳ ರಚನೆಯಲ್ಲಿ ಏಕರೂಪತೆಯಿಲ್ಲ. ಫ್ಲೋರಿಡಾ ಮತ್ತು ಕ್ಯಾಲಿಫೋರ್ನಿಯಾಗಳಲ್ಲಿ ಪಾದವೈದ್ಯರಿಗೆ ಪ್ರತ್ಯೇಕ ಮಂಡಳಿಯಿದ್ದರೆ, ಒಹಾಯೋದಲ್ಲಿ ವೈದ್ಯಕೀಯ ಮಂಡಳಿಯೇ ಅವರಿಗೂ ಪರವಾನಗಿ ನೀಡುತ್ತದೆ. ಟೆಕ್ಸಾಸ್ 2017ರಲ್ಲಿ ತನ್ನ ಪಾದವೈದ್ಯರ ಮಂಡಳಿಯನ್ನು ರದ್ದುಪಡಿಸಿ, ಅದರ ಕೆಲಸವನ್ನು ಹಲವು ವೃತ್ತಿಗಳನ್ನು ಒಟ್ಟಿಗೆ ನಿಯಂತ್ರಿಸುವ ಪರವಾನಗಿ ಇಲಾಖೆಗೆ ಒಪ್ಪಿಸಿತು. ನ್ಯೂಯಾರ್ಕ್‌ನಲ್ಲಿ ಎರಡೂ ವರ್ಗಗಳಿಗೆ ಶಿಕ್ಷಣ ಇಲಾಖೆಯು ಪರವಾನಗಿ ನೀಡುತ್ತದೆ. ಆದರೆ ತಪ್ಪು ಮಾಡಿದಾಗ ವೈದ್ಯರನ್ನು ಆರೋಗ್ಯ ಇಲಾಖೆಯೂ ಪಾದವೈದ್ಯರನ್ನು ಶಿಕ್ಷಣ ಇಲಾಖೆಯೂ ವಿಚಾರಿಸುತ್ತವೆ.

ಪಾದದ ಎಲ್ಲೆ ಎಲ್ಲಿಯವರೆಗೆ?

ವೈದ್ಯರ ಪರವಾನಗಿಯು ಇಡೀ ದೇಹಕ್ಕೆ ಅನ್ವಯಿಸಿದರೆ, ಪಾದವೈದ್ಯರ ಪರವಾನಗಿಗೆ ಕಾನೂನೇ ದೇಹದ ಮೇಲೆ ಗೆರೆ ಎಳೆಯುತ್ತದೆ. ಆ ಗೆರೆಯು ಎಲ್ಲಿ ಬೀಳಬೇಕೆಂಬುದೇ ಈ ಕ್ಷೇತ್ರದ ಅತ್ಯಂತ ತೀವ್ರ ವಿವಾದ. ಆಂಕಲ್ ಎಂದು ಕರೆಯುವ ಕಾಲಿನ ಗೆಣ್ಣು ಪಾದಕ್ಕೆ ಸೇರಿದ್ದೋ ಕಾಲಿಗೆ ಸೇರಿದ್ದೋ ಎಂಬ ಪ್ರಶ್ನೆಗೆ ರಾಜ್ಯಗಳು ಬೇರೆ ಬೇರೆ ಉತ್ತರ ನೀಡಿವೆ.

ಫ್ಲೋರಿಡಾದ ಕಾಯಿದೆಯು ಉದಾರವಾದುದು: ಮೊಣಕಾಲಿನ ಕೆಳಗೆ ಟಿಬಿಯಾ ಎಲುಬಿನ ಮುಂಭಾಗದಲ್ಲಿರುವ ಉಬ್ಬಿನಿಂದ ಕೆಳಗಿನ ಭಾಗಕ್ಕೆ ಶಸ್ತ್ರಚಿಕಿತ್ಸೆ ಮಾಡಬಹುದು, ಬೆರಳುಗಳನ್ನೂ ಪಾದದ ಭಾಗಗಳನ್ನೂ ಕತ್ತರಿಸಿ ತೆಗೆಯಬಹುದು, ಆದರೆ ಇಡೀ ಪಾದವನ್ನು ತೆಗೆಯುವಂತಿಲ್ಲ. ಕ್ಯಾಲಿಫೋರ್ನಿಯಾವು ಗೆಣ್ಣನ್ನು ಸೇರಿಸಿಕೊಂಡಿದೆ. ಕಾಲಿನ ಸ್ನಾಯುಗಳಿಗೆ ಶಸ್ತ್ರರಹಿತ ಚಿಕಿತ್ಸೆಯನ್ನಷ್ಟೇ ಅನುಮತಿಸಿದೆ. ನ್ಯೂಯಾರ್ಕ್‌ನಲ್ಲಿ ಗೆಣ್ಣು ಬಹುಕಾಲ ನಿಷಿದ್ಧವಾಗಿತ್ತು. 2012ರಲ್ಲಿ ಅಂಗೀಕಾರವಾಗಿ 2014ರಲ್ಲಿ ಜಾರಿಗೆ ಬಂದ ತಿದ್ದುಪಡಿಯು, ಹೆಚ್ಚಿನ ತರಬೇತಿ ಪಡೆದವರಿಗೆ ಮಾತ್ರ ಎರಡು ಮಟ್ಟದ ವಿಶೇಷ ಅನುಮತಿಯನ್ನು ಒದಗಿಸಿತು.

ಟೆಕ್ಸಾಸ್‌ನಲ್ಲಿ ಇದು ನ್ಯಾಯಾಲಯದ ಮೆಟ್ಟಿಲೇರಿತು. ಅಲ್ಲಿನ ಕಾಯಿದೆಯು ಪಾದ ಎಂಬ ಪದವನ್ನು ಬಳಸಿ, ಅದರ ಅರ್ಥವನ್ನು ಹೇಳಿರಲಿಲ್ಲ. 2001ರಲ್ಲಿ ಪಾದವೈದ್ಯರ ಮಂಡಳಿಯು ತಾನೇ ಒಂದು ನಿಯಮ ಮಾಡಿ, ಟಿಬಿಯಾ ಮತ್ತು ಫಿಬ್ಯುಲಾ ಎಲುಬುಗಳು ಪಾದದ ಮೇಲ್ತುದಿಯ ಎಲುಬಿಗೆ ಕೂಡುವ ಸ್ಥಳವನ್ನೂ ಅಲ್ಲಿಗೆ ಅಂಟಿಕೊಂಡ ಮೃದು ಅಂಗಾಂಶಗಳನ್ನೂ ಪಾದದ ವ್ಯಾಖ್ಯೆಯೊಳಗೆ ತಂದಿತು. ಮೂಳೆ ಶಸ್ತ್ರಚಿಕಿತ್ಸಕರ ಸಂಘ ಮತ್ತು ವೈದ್ಯರ ಸಂಘ ಇದನ್ನು ಪ್ರಶ್ನಿಸಿದವು. 2008ರಲ್ಲಿ ಆಸ್ಟಿನ್‌ನ ಮೇಲ್ಮನವಿ ನ್ಯಾಯಾಲಯವು, ಶಾಸನಸಭೆಯು ನೀಡದ ಅಧಿಕಾರವನ್ನು ಮಂಡಳಿಯು ನಿಯಮದ ಮೂಲಕ ಪಡೆಯಲಾಗದೆಂದು ಹೇಳಿ ಆ ವ್ಯಾಖ್ಯೆಯನ್ನು ಅಸಿಂಧುಗೊಳಿಸಿತು.

ಮೂಳೆ ಶಸ್ತ್ರಚಿಕಿತ್ಸಕರು ರೋಗಿಯ ಸುರಕ್ಷತೆಯನ್ನು ಮುಂದಿಟ್ಟರೆ, ಪಾದವೈದ್ಯರು ತಮ್ಮ ಇಂದಿನ ತರಬೇತಿಯನ್ನು ಮುಂದಿಡುತ್ತಾರೆ. ಎರಡೂ ಕಡೆ ಜೀವನೋಪಾಯದ ಹಿತಾಸಕ್ತಿಯಿರುವುದು ಸ್ಪಷ್ಟ. ನಡುವೆ ಸಿಲುಕುವವರಲ್ಲಿ ಸಕ್ಕರೆ ಕಾಯಿಲೆಯಿಂದ ಪಾದದಲ್ಲಿ ಹುಣ್ಣಾದ ರೋಗಿಗಳು ಹೆಚ್ಚು: ಸೋಂಕು ಗೆಣ್ಣನ್ನು ದಾಟಿದೊಡನೆ ಕೆಲವು ರಾಜ್ಯಗಳಲ್ಲಿ ಅವರ ವೈದ್ಯರೇ ಬದಲಾಗಬೇಕಾಗುತ್ತದೆ.

ವಿಮೆಯ ವಿಷಯದಲ್ಲಿಯೂ ಗೊಂದಲವಿದೆ. ವೃದ್ಧರ ಮೆಡಿಕೇರ್ ಯೋಜನೆಯ ಕಾನೂನಿನಲ್ಲಿ ವೈದ್ಯ ಎಂಬ ಪದವು ಪಾದವೈದ್ಯರನ್ನು ಒಳಗೊಳ್ಳುತ್ತದೆ. ಬಡವರ ಮೆಡಿಕೇಡ್ ಯೋಜನೆಯಲ್ಲಿ ಒಳಗೊಳ್ಳುವುದಿಲ್ಲ. ಅವರ ಸೇವೆಗೆ ಹಣ ಕೊಡುವುದು ರಾಜ್ಯಗಳ ಇಚ್ಛೆಗೆ ಬಿಟ್ಟದ್ದು. ನಿವೃತ್ತ ಸೈನಿಕರ ಆಸ್ಪತ್ರೆಗಳಲ್ಲಿ 2018ರ ಕಾಯಿದೆಯು ವೇತನದ ಮಟ್ಟಿಗೆ ಅವರನ್ನು ವೈದ್ಯರ ಸಾಲಿಗೆ ತಂದಿತು.

ನವೀಕರಣ ಮತ್ತು ಶಿಸ್ತುಕ್ರಮ

ಪರವಾನಗಿಯನ್ನು ನಿಗದಿತ ಅವಧಿಗೊಮ್ಮೆ ನವೀಕರಿಸಬೇಕು. ಮುಂದುವರಿದ ಶಿಕ್ಷಣದ ಪ್ರಮಾಣವನ್ನು ಕ್ಯಾಲಿಫೋರ್ನಿಯಾವು ಎರಡು ವರ್ಷಕ್ಕೆ 50 ಗಂಟೆ, ಮಿಷಿಗನ್ ಮೂರು ವರ್ಷಕ್ಕೆ 150 ಗಂಟೆ ಎಂದು ನಿಗದಿಪಡಿಸಿವೆ.

ಎಚ್ಚರಿಕೆಯಿಂದ ಹಿಡಿದು ಪರವಾನಗಿಯ ರದ್ದತಿಯವರೆಗೆ ಶಿಕ್ಷೆ ವಿಧಿಸುವ ಅಧಿಕಾರ ಮಂಡಳಿಗಳಿಗಿದೆ. ಒಂದು ರಾಜ್ಯದಲ್ಲಿ ಶಿಕ್ಷೆಗೊಳಗಾದವರು ಸದ್ದಿಲ್ಲದೆ ಪಕ್ಕದ ರಾಜ್ಯಕ್ಕೆ ಹೋಗಿ ವೃತ್ತಿ ಮುಂದುವರಿಸುವುದನ್ನು ತಡೆಯಲು 1986ರ ಕಾಯಿದೆಯಡಿ ರಾಷ್ಟ್ರೀಯ ವೈದ್ಯರ ಮಾಹಿತಿ ಸಂಗ್ರಹವನ್ನು ರೂಪಿಸಲಾಯಿತು. ಅದು 1990ರಲ್ಲಿ ಕಾರ್ಯಾರಂಭ ಮಾಡಿತು. ಆಸ್ಪತ್ರೆಗಳು ಮತ್ತು ಮಂಡಳಿಗಳು ಅದನ್ನು ನೋಡಬಹುದು, ಸಾಮಾನ್ಯ ರೋಗಿಯು ನೋಡಲಾಗದು.

ಮಂಡಳಿಗಳ ಸದಸ್ಯರಲ್ಲಿ ಬಹುಪಾಲು ಅದೇ ವೃತ್ತಿಯವರು. ವೃತ್ತಿನಿರತರೇ ತುಂಬಿರುವ ಮಂಡಳಿಯು ರಾಜ್ಯದ ಸಕ್ರಿಯ ಮೇಲ್ವಿಚಾರಣೆಯಿಲ್ಲದೆ ಸ್ಪರ್ಧೆಯನ್ನು ತಡೆದರೆ ಅದಕ್ಕೆ ಏಕಸ್ವಾಮ್ಯ ವಿರೋಧಿ ಕಾನೂನಿನಿಂದ ರಕ್ಷಣೆಯಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2015ರಲ್ಲಿ ತೀರ್ಪಿತ್ತಿತು. ಆ ಮೊಕದ್ದಮೆಯು ನಾರ್ತ್ ಕೆರೊಲಿನಾದ ದಂತವೈದ್ಯರ ಮಂಡಳಿಗೆ ಸಂಬಂಧಿಸಿದ್ದಾದರೂ ಅದರ ತತ್ತ್ವವು ಎಲ್ಲ ಪರವಾನಗಿ ಮಂಡಳಿಗಳಿಗೂ ತಟ್ಟಿತು.

ಅರ್ಜಿಗಳಲ್ಲಿ ಮಾನಸಿಕ ಆರೋಗ್ಯದ ಬಗ್ಗೆ ಕೇಳುವ ಪ್ರಶ್ನೆಗಳೂ ಟೀಕೆಗೆ ಗುರಿಯಾಗಿವೆ. ಹಿಂದೆ ಎಂದಾದರೂ ಚಿಕಿತ್ಸೆ ಪಡೆದಿದ್ದೀರಾ ಎಂದು ಕೇಳಿದರೆ, ಪರವಾನಗಿ ಕೈತಪ್ಪೀತೆಂಬ ಅಂಜಿಕೆಯಿಂದ ವೈದ್ಯರು ಚಿಕಿತ್ಸೆಯನ್ನೇ ಪಡೆಯದಿರುವ ಅಪಾಯವಿದೆ. ಹಿಂದಿನ ಚಿಕಿತ್ಸೆಯ ಬದಲು ಈಗಿನ ಕಾರ್ಯಸಾಮರ್ಥ್ಯವನ್ನಷ್ಟೇ ಕೇಳುವಂತೆ ಮಂಡಳಿಗಳ ಒಕ್ಕೂಟವು 2018ರಲ್ಲಿ ಸಲಹೆ ನೀಡಿತು. 2020ರಲ್ಲಿ ನ್ಯೂಯಾರ್ಕ್‌ನ ವೈದ್ಯೆ ಲೋರ್ನಾ ಬ್ರೀನ್ ಅವರ ಮರಣದ ನಂತರ ಈ ಒತ್ತಾಯ ಬಲಗೊಂಡು, ಹಲವು ರಾಜ್ಯಗಳು ಅರ್ಜಿ ನಮೂನೆಯನ್ನು ಬದಲಿಸಿವೆ.

ರಾಜ್ಯಗಳ ನಡುವಣ ಒಪ್ಪಂದ

ದೂರವೈದ್ಯಕೀಯದಲ್ಲಿ ವೈದ್ಯನು ಕುಳಿತಿರುವ ಸ್ಥಳಕ್ಕಿಂತ ರೋಗಿಯಿರುವ ರಾಜ್ಯವೇ ಮುಖ್ಯ; ಆ ರಾಜ್ಯದ ಪರವಾನಗಿ ಇರಬೇಕೆಂಬುದು ಸಾಮಾನ್ಯ ನಿಯಮ. ಕೋವಿಡ್ ಕಾಲದಲ್ಲಿ ರಾಜ್ಯಗಳು ಇದನ್ನು ತಾತ್ಕಾಲಿಕವಾಗಿ ಸಡಿಲಿಸಿದ್ದವು. ಕೇಂದ್ರ ಸರ್ಕಾರದ ಸೈನಿಕ ಆಸ್ಪತ್ರೆಗಳಲ್ಲಿ ಯಾವುದಾದರೂ ಒಂದು ರಾಜ್ಯದ ಪರವಾನಗಿ ಇದ್ದರೆ ಸಾಕು.

2017ರಿಂದ ಪರವಾನಗಿ ನೀಡತೊಡಗಿದ ಅಂತರರಾಜ್ಯ ವೈದ್ಯಕೀಯ ಪರವಾನಗಿ ಒಪ್ಪಂದದಲ್ಲಿ ಬಹುಪಾಲು ರಾಜ್ಯಗಳು ಸೇರಿವೆ. ಇದರಡಿ ವೈದ್ಯನು ಒಂದು ರಾಜ್ಯವನ್ನು ತನ್ನ ಮುಖ್ಯ ರಾಜ್ಯವೆಂದು ಆರಿಸಿಕೊಂಡು, ಅದರ ಪರಿಶೀಲನೆಯ ಆಧಾರದ ಮೇಲೆ ಇತರ ಸದಸ್ಯ ರಾಜ್ಯಗಳಿಂದ ಶೀಘ್ರವಾಗಿ ಪರವಾನಗಿ ಪಡೆಯಬಹುದು. ಆದರೆ ಒಂದೊಂದು ರಾಜ್ಯಕ್ಕೂ ಪ್ರತ್ಯೇಕ ಪರವಾನಗಿ, ಪ್ರತ್ಯೇಕ ಶುಲ್ಕ ಇದ್ದೇ ಇರುತ್ತದೆ. ಈ ಒಪ್ಪಂದವು ಎಂ.ಡಿ. ಮತ್ತು ಡಿ.ಒ. ಪದವೀಧರರಿಗೆ ಮಾತ್ರ ಅನ್ವಯಿಸುತ್ತದೆ. ರಾಜ್ಯ ಬದಲಿಸುವ ಪಾದವೈದ್ಯರು ಹೊಸ ಮಂಡಳಿಗೆ ಎಂದಿನಂತೆ ಅರ್ಜಿ ಸಲ್ಲಿಸಬೇಕು.