ಬೋರ್ಡೋ–ಪ್ಯಾರಿಸ್ ಸೈಕಲ್ ಪಂದ್ಯ: ಒಂದು ಸಂಪ್ರದಾಯದ ಉದಯ ಮತ್ತು ಅವಸಾನ

ಸಂಸ್ಥೆಗಳ ಹುಟ್ಟಿಗೆ ಕಾರಣ ಹುಡುಕುವಲ್ಲಿ ಇತಿಹಾಸಕಾರರು ತೋರುವ ಉತ್ಸಾಹ ಅವುಗಳ ಅಳಿವಿನ ವಿಚಾರದಲ್ಲಿ ಕಾಣುವುದು ಅಪರೂಪ. ಅಳಿದುದು ಅಳಿಯತಕ್ಕದ್ದೇ ಆಗಿತ್ತೆಂದು ಭಾವಿಸಿ ಮುಂದೆ ಸಾಗುವುದು ಸುಲಭ. ಫ್ರಾನ್ಸಿನ ಬೋರ್ಡೋ ನಗರದಿಂದ ರಾಜಧಾನಿ ಪ್ಯಾರಿಸ್ಸಿಗೆ ೧೮೯೧ರಿಂದ ೧೯೮೮ರವರೆಗೆ, ಯುದ್ಧಕಾಲವೇ ಮೊದಲಾದ ಕೆಲವು ವರ್ಷಗಳನ್ನು ಬಿಟ್ಟು, ನಡೆದ ಸೈಕಲ್ ಪಂದ್ಯದ ಚರಿತ್ರೆ ಈ ಸುಲಭ ಮಾರ್ಗವನ್ನು ಒಪ್ಪುವುದಿಲ್ಲ. ಐನೂರೈವತ್ತು ಕಿಲೋಮೀಟರಿಗೂ ಮೀರಿದ ದಾರಿಯನ್ನು ಸವಾರರು ನಿದ್ರೆಯಿಲ್ಲದೆ ಒಂದೇ ಓಟದಲ್ಲಿ ಕ್ರಮಿಸಬೇಕಾಗಿದ್ದ ಈ ಪಂದ್ಯಕ್ಕೆ ಎಂತಹ ಘನತೆ ಇದ್ದಿತೆಂದರೆ, ಇದಕ್ಕೆ ಪೂರ್ವಾಭ್ಯಾಸವಾಗಲೆಂದೇ ೧೮೯೬ರಲ್ಲಿ ಪ್ಯಾರಿಸ್–ರೂಬೆ ಎಂಬ ಇನ್ನೊಂದು ಪಂದ್ಯ ಹುಟ್ಟಿತು. ಆ ಪೂರ್ವಾಭ್ಯಾಸದ ಪಂದ್ಯ ಇಂದಿಗೂ ನಡೆಯುತ್ತಿದೆ. ಮುಖ್ಯ ಪಂದ್ಯವೇ ಇಲ್ಲವಾಗಿದೆ. ಈ ವೈಪರೀತ್ಯ ಹೇಗೆ ಒದಗಿತೆಂಬುದು ಪ್ರಕೃತ ಲೇಖನದ ಪ್ರಶ್ನೆ.

೧೮೯೧ರ ಮೇ ತಿಂಗಳಲ್ಲಿ ಮೊದಲ ಪಂದ್ಯವನ್ನು ಏರ್ಪಡಿಸಿದವರು ಬೋರ್ಡೋ ನಗರದ ಸೈಕಲ್ ಸಂಘದವರು ಹಾಗೂ ಅಲ್ಲಿನ ‘ವೆಲೋಸ್ ಸ್ಪೋರ್’ ಪತ್ರಿಕೆಯವರು. ಹಣಕ್ಕಾಗಿ ಸವಾರಿ ಮಾಡುವವರಿಗೆ ಪ್ರವೇಶವಿರಕೂಡದೆಂದು ಇಂಗ್ಲೆಂಡಿನವರು ಪಟ್ಟು ಹಿಡಿದುದರಿಂದ ಪಂದ್ಯ ಹವ್ಯಾಸಿಗಳಿಗೆ ಮಾತ್ರ ಮೀಸಲಾಯಿತು. ಫ್ರಾನ್ಸಿನ ಪ್ರಸಿದ್ಧ ಸವಾರ ಷಾರ್ಲ್ ತೆರೋಂ ಹೀಗೆ ಹೊರಗುಳಿದನು. ಇಂಗ್ಲೆಂಡಿನ ಜಾರ್ಜ್ ಪಿಲ್ಕಿಂಗ್ಟನ್ ಮಿಲ್ಸ್ ೨೬ ಗಂಟೆ ೩೪ ನಿಮಿಷಗಳಲ್ಲಿ ಪ್ಯಾರಿಸ್ಸನ್ನು ತಲುಪಿ ಗೆದ್ದನು. ಅನಂತರದ ಮೂರು ಸ್ಥಾನಗಳೂ ಅವನ ದೇಶದವರಿಗೇ ಸಂದುವು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ‘ಲ ಪೆತಿ ಜೂರ್ನಾಲ್’ ಪತ್ರಿಕೆಯ ಪಿಯೇರ್ ಜಿಫಾರ್, ಪ್ಯಾರಿಸ್ಸಿನಿಂದ ಬ್ರೆಸ್ಟಿಗೆ ಹೋಗಿ ಹಿಂದಿರುಗುವ ಸುಮಾರು ೧೨೦೦ ಕಿಲೋಮೀಟರುಗಳ ಪಂದ್ಯವನ್ನು ನಡೆಸಿದನು. ಅದನ್ನು ತೆರೋಂ ಗೆದ್ದನು. ಇವೆರಡನ್ನೂ ಒಟ್ಟಿಗೆ ನೋಡಿದರೆ ಆ ವರ್ಷದ ಜನರ ಮುಂದಿದ್ದ ಪ್ರಶ್ನೆ ಸ್ಪಷ್ಟವಾಗುತ್ತದೆ: ಸೈಕಲ್ಲಿನ ಮೇಲೆ ಕುಳಿತ ಮನುಷ್ಯ ಎಷ್ಟು ದೂರ ಹೋಗಬಲ್ಲನು? ಈ ಕುತೂಹಲವೇ ಪತ್ರಿಕೆಗಳಿಗೆ ಓದುಗರನ್ನೂ ಸೈಕಲ್ ಹಾಗೂ ಟೈರು ತಯಾರಕರಿಗೆ ಗಿರಾಕಿಗಳನ್ನೂ ತಂದುಕೊಟ್ಟಿತು.

ಬೋರ್ಡೋ–ಪ್ಯಾರಿಸ್ ಪಂದ್ಯಕ್ಕೆ ಮೊದಲಿನಿಂದಲೂ ಇನ್ನೊಂದು ಲಕ್ಷಣವಿತ್ತು. ಸ್ಪರ್ಧಿಯ ಮುಂದೆ ಬೇರೆ ಸವಾರರು ಗಾಳಿಯನ್ನು ಸೀಳಿಕೊಂಡು ಸಾಗುತ್ತಿದ್ದರು. ಅವರ ಮರೆಯಲ್ಲಿ ಸ್ಪರ್ಧಿ ಕಡಮೆ ಶ್ರಮದಿಂದ ಹೆಚ್ಚು ವೇಗವನ್ನು ಪಡೆಯುತ್ತಿದ್ದನು. ಇವರನ್ನು ನಾವು ವೇಗಸಹಾಯಕರೆಂದು ಕರೆಯಬಹುದು. ಆರಂಭದಲ್ಲಿ ಸೈಕಲ್ ಸವಾರರೇ ಈ ಕೆಲಸ ಮಾಡುತ್ತಿದ್ದರು. ಶತಮಾನದ ಕೊನೆಯ ವರ್ಷಗಳಲ್ಲಿ ಮೋಟಾರು ವಾಹನಗಳು ಬಂದುವು. ೧೮೯೯ರಲ್ಲಿ ಕೋನ್‌ಸ್ತಾಂ ಉರೇ ಮೋಟಾರಿನ ಹಿಂದೆ ಸಾಗಿ ಸುಮಾರು ಹದಿನಾರೂವರೆ ಗಂಟೆಗಳಲ್ಲಿ ಗುರಿ ಮುಟ್ಟಿದನು. ಎಂಟು ವರ್ಷಗಳಲ್ಲಿ ಹತ್ತು ಗಂಟೆಗಳು ಉಳಿದುವು. ಈ ಉಳಿತಾಯದಲ್ಲಿ ಸವಾರನ ಪಾಲೆಷ್ಟು, ಯಂತ್ರದ ಪಾಲೆಷ್ಟು ಎಂದು ಬೇರ್ಪಡಿಸುವುದು ಕಷ್ಟ. ದಾಖಲೆಯಲ್ಲಿ ಮಾತ್ರ ಒಬ್ಬನದೇ ಹೆಸರು ಉಳಿದಿದೆ.

ಇನ್ನು ಪ್ಯಾರಿಸ್–ರೂಬೆ ಪಂದ್ಯದ ಕಡೆಗೆ ತಿರುಗೋಣ. ರೂಬೆ ಪಟ್ಟಣದ ಜವಳಿ ಉದ್ಯಮಿಗಳಾದ ತೆಯೋದೋರ್ ವಿಯೆನ್ ಮತ್ತು ಮೊರೀಸ್ ಪೆರೆಜ್ ತಾವು ಕಟ್ಟಿಸಿದ ಸೈಕಲ್ ಮೈದಾನಕ್ಕೆ ಪ್ರಚಾರ ದೊರಕಲೆಂದು ಈ ಯೋಜನೆಯನ್ನು ‘ಲ ವೆಲೋ’ ಪತ್ರಿಕೆಯ ಮುಂದಿಟ್ಟರು. ಸುಮಾರು ೨೮೦ ಕಿಲೋಮೀಟರುಗಳ ಈ ದಾರಿ ಬೋರ್ಡೋ–ಪ್ಯಾರಿಸ್ಸಿಗೆ ಸಿದ್ಧರಾಗುವವರಿಗೆ ತಕ್ಕ ವ್ಯಾಯಾಮವಾದೀತೆಂಬುದು ಅವರು ಕೊಟ್ಟ ಸಮರ್ಥನೆ. ಅಲ್ಲಿಯೂ ಮೊದಮೊದಲು ವೇಗಸಹಾಯಕರಿದ್ದರು. ೧೯೧೦ರ ವೇಳೆಗೆ ಅವರನ್ನು ಕೈಬಿಡಲಾಯಿತು. ಅಂದಿನಿಂದ ರೂಬೆಯ ದಾರಿಯಲ್ಲಿ ಸವಾರರು ಪರಸ್ಪರರನ್ನು ಮಾತ್ರ ಎದುರಿಸಿದರು. ಬೋರ್ಡೋ–ಪ್ಯಾರಿಸ್ ಆ ಹಾದಿಯನ್ನು ಹಿಡಿಯಲಿಲ್ಲ. ನಿಯಮಗಳು ಹಲವು ಸಲ ಬದಲಾದರೂ ವೇಗಸಹಾಯ ಮತ್ತೆ ಮತ್ತೆ ಹಿಂದಿರುಗಿತು. ೧೯೩೮ರಿಂದ ‘ಡೆರ್ನಿ’ ಎಂಬ ವಾಹನ ಅದಕ್ಕೆ ನಿಂತ ರೂಪವನ್ನು ಕೊಟ್ಟಿತು. ಪೆಡಲ್ ತುಳಿಯುತ್ತಲೇ ಸಣ್ಣ ಮೋಟಾರಿನಿಂದ ಓಡಿಸುವ ಗಾಡಿ ಅದು. ಎರಡನೆಯ ಮಹಾಯುದ್ಧಾನಂತರದ ಪದ್ಧತಿಯಂತೆ ಸವಾರರು ನಡುರಾತ್ರಿಯ ಬಳಿಕ ಬೋರ್ಡೋ ಬಿಟ್ಟು ಕತ್ತಲೆಯಲ್ಲಿ ಗುಂಪಾಗಿ ಸಾಗುತ್ತಿದ್ದರು. ಬೆಳಗಾದ ಮೇಲೆ ಪ್ವಾತಿಯೇ, ಶಾತೆಲ್‌ರೋ ಪಟ್ಟಣಗಳ ಆಸುಪಾಸಿನಲ್ಲಿ ಪ್ರತಿಯೊಬ್ಬನೂ ತನ್ನ ಡೆರ್ನಿಯನ್ನು ಸೇರುತ್ತಿದ್ದನು. ನಿಜವಾದ ಪೈಪೋಟಿ ಅಲ್ಲಿಂದ ಆರಂಭ.

ಈ ರೂಪದಲ್ಲಿ ಪಂದ್ಯಕ್ಕೆ ಕೀರ್ತಿ ಇಲ್ಲದಿರಲಿಲ್ಲ. ಬೆರ್ನಾರ್ ಗೋತಿಯೇ ೧೯೫೧ರಿಂದ ೧೯೫೭ರ ಅವಧಿಯಲ್ಲಿ ನಾಲ್ಕು ಸಲ ಗೆದ್ದನು. ಬೆಲ್ಜಿಯಮ್ಮಿನ ಹೆರ್ಮನ್ ವಾನ್ ಸ್ಪ್ರಿಂಗಲ್ ೧೯೭೦ರಿಂದ ೧೯೮೧ರೊಳಗೆ ಏಳು ಸಲ ಗೆದ್ದನು. ಇವುಗಳಲ್ಲಿ ೧೯೭೪ರ ಗೆಲುವು ರೇಜಿ ದೆಲೆಪಿನ್‌ನೊಡನೆ ಹಂಚಿಕೊಂಡದ್ದು. ಎಲ್ಲಕ್ಕಿಂತ ಹೆಚ್ಚು ಮಾತಿಗೆ ಬಂದದ್ದು ೧೯೬೫ರ ಘಟನೆ. ಟೂರ್ ದ ಫ್ರಾನ್ಸನ್ನು ಅದಾಗಲೇ ಐದು ಸಲ ಗೆದ್ದಿದ್ದ ಝಾಕ್ ಆಂಕೆತಿಲ್, ಹಲವು ದಿನಗಳ ದೋಫಿನೇ ಪಂದ್ಯವನ್ನು ಗೆದ್ದ ದಿನವೇ ವಿಮಾನದಲ್ಲಿ ಬೋರ್ಡೋವಿಗೆ ಬಂದು, ಆ ರಾತ್ರಿಯೇ ಹೊರಟು, ಮರುದಿನ ಪ್ಯಾರಿಸ್ಸಿನಲ್ಲಿ ಝಾನ್ ಸ್ತಾಬ್ಲಿನ್‌ಸ್ಕಿಯನ್ನೂ ಟಾಮ್ ಸಿಂಪ್ಸನ್‌ನನ್ನೂ ಹಿಂದಿಕ್ಕಿದನು.

ಈ ಸಾಹಸವನ್ನು ಪಂದ್ಯದ ಮಹಿಮೆಗೆ ಸಾಕ್ಷಿಯೆಂದು ಹೇಳುವುದು ರೂಢಿ. ನಮ್ಮ ಅಭಿಪ್ರಾಯದಲ್ಲಿ ಅದು ಪಂದ್ಯದ ಒಂಟಿತನಕ್ಕೂ ಸಾಕ್ಷಿ. ಉಳಿದ ಪಂದ್ಯಗಳ ಸಾಲಿನಿಂದ ಇಲ್ಲಿಗೆ ಬರುವುದೇ ಒಂದು ಅದ್ಭುತವೆನಿಸಬೇಕಾದರೆ, ಆ ಸಾಲಿಗೂ ಇದಕ್ಕೂ ನಡುವೆ ಅಂತರ ಬಿದ್ದಿತ್ತೆಂದೇ ಅರ್ಥ. ವಿಜೇತರ ಪಟ್ಟಿಗಳು ಇದನ್ನು ದೃಢಪಡಿಸುತ್ತವೆ. ಎಡ್ಡಿ ಮರ್ಕ್ಸ್ ಪ್ಯಾರಿಸ್–ರೂಬೆಯನ್ನು ಮೂರು ಸಲ ಗೆದ್ದನು; ಬೆರ್ನಾರ್ ಈನೋ ೧೯೮೧ರಲ್ಲಿ ಗೆದ್ದನು. ಬೋರ್ಡೋ–ಪ್ಯಾರಿಸ್ಸಿನ ಪಟ್ಟಿಯಲ್ಲಿ ಈ ಇಬ್ಬರ ಹೆಸರೂ ಇಲ್ಲ.

ಪಂದ್ಯ ಅತಿ ಕಠಿನವಾಗಿದ್ದುದರಿಂದ ನಿಂತಿತೆಂಬುದು ಸಾಮಾನ್ಯ ವಿವರಣೆ. ಇದು ಸಾಲದು. ಕಲ್ಲುಹಾಸಿನ ಒರಟು ದಾರಿಯ ಪ್ಯಾರಿಸ್–ರೂಬೆಯೂ ಕಠಿನವೇ. ಆ ಕಾಠಿನ್ಯವೇ ಅದಕ್ಕೆ ಜನರನ್ನು ಸೆಳೆಯುತ್ತಿದೆ. ವ್ಯತ್ಯಾಸವಿರುವುದು ಕಾಠಿನ್ಯದ ಬಗೆಯಲ್ಲಿ. ರೂಬೆಗೆ ಬೇಕಾದ ಬಲ ಇತರ ವಸಂತಕಾಲದ ಪಂದ್ಯಗಳಲ್ಲಿಯೂ ಸಲ್ಲುತ್ತದೆ. ಬೋರ್ಡೋ–ಪ್ಯಾರಿಸ್ಸಿಗೆ ರಾತ್ರಿಯ ಸವಾರಿ, ಹದಿನಾಲ್ಕು ಗಂಟೆಗಳ ಶ್ರಮ, ಡೆರ್ನಿಯ ಹಿಂದಿನ ವೇಗ ಎಂಬ ಮೂರು ಬೇರೆಯೇ ಅಭ್ಯಾಸಗಳು ಬೇಕು. ಇವು ಬೇರೆಲ್ಲಿಯೂ ಉಪಯೋಗಕ್ಕೆ ಬಾರವು. ವರ್ಷದ ಪಂದ್ಯಗಳು ಒಂದಕ್ಕೊಂದು ಹೆಣೆದುಕೊಂಡು, ಸವಾರರು ತಂಡಗಳ ಯೋಜನೆಯಂತೆ ನಡೆಯತೊಡಗಿದಾಗ, ಒಂದು ದಿನಕ್ಕಾಗಿ ಹಲವು ವಾರಗಳನ್ನು ಮೀಸಲಿಡುವುದು ದುಬಾರಿಯಾಯಿತು. ೧೯೭೧ ಮತ್ತು ೧೯೭೨ರಲ್ಲಿ ಪಂದ್ಯ ನಡೆಯಲೇ ಇಲ್ಲ.

೧೯೮೬ರಿಂದ ವೇಗಸಹಾಯವನ್ನು ತೆಗೆದುಹಾಕಿದರೂ ಪಂದ್ಯ ಉಳಿಯಲಿಲ್ಲವಲ್ಲ ಎಂದು ಆಕ್ಷೇಪಿಸಬಹುದು. ಆಕ್ಷೇಪ ಸರಿಯೇ. ಆದರೆ ರೂಬೆಯವರು ೧೯೧೦ರ ಹೊತ್ತಿಗೆ ಮಾಡಿದ ಕೆಲಸವನ್ನು ಬೋರ್ಡೋದವರು ಮುಕ್ಕಾಲು ಶತಮಾನ ಕಳೆದ ಮೇಲೆ ಮಾಡಿದರು. ಅಷ್ಟರಲ್ಲಿ ಡೆರ್ನಿ ಹೊರಗಿನ ಅಲಂಕಾರವಾಗಿ ಉಳಿದಿರಲಿಲ್ಲ, ಪಂದ್ಯದ ಸ್ವರೂಪವೇ ಆಗಿಹೋಗಿತ್ತು. ಅದನ್ನು ಕಳೆದಾಗ ಉಳಿದುದು ದೂರವೊಂದೇ. ಆ ದೂರವನ್ನು ಮನುಷ್ಯ ಒಂದೇ ಓಟದಲ್ಲಿ ಕ್ರಮಿಸಬಲ್ಲನೇ ಎಂಬ ಪ್ರಶ್ನೆಗೆ ಉತ್ತರ ೧೮೯೧ರಲ್ಲಿಯೇ ದೊರೆತಿತ್ತು. ೧೯೮೮ರಲ್ಲಿ ಝಾನ್ ಫ್ರಾನ್ಸ್ವಾ ರೋ ಗೆದ್ದ ಪಂದ್ಯವೇ ವೃತ್ತಿಪರರಿಗೆ ಕೊನೆಯದಾಯಿತು. ಮರುವರ್ಷ, ಪ್ರಮುಖ ಏಕದಿನ ಪಂದ್ಯಗಳನ್ನು ಒಂದೇ ಅಂಕಪಟ್ಟಿಗೆ ತರುವ ವಿಶ್ವಕಪ್ ವ್ಯವಸ್ಥೆ ಜಾರಿಗೆ ಬಂದಿತು. ಪ್ಯಾರಿಸ್–ರೂಬೆ ಅದರಲ್ಲಿ ಸ್ಥಾನ ಪಡೆಯಿತು.

ಇದರಿಂದ ತಿಳಿದುಬರುವುದಿಷ್ಟು. ಬೋರ್ಡೋ–ಪ್ಯಾರಿಸ್ಸಿಗೆ ಹೆಸರು ತಂದ ವಿಶಿಷ್ಟತೆಯೇ ಅದನ್ನು ನೆರೆಹೊರೆಯ ಪಂದ್ಯಗಳಿಂದ ದೂರಮಾಡಿತು. ಅದರ ಅಂತ್ಯ ಹುಟ್ಟಿನಲ್ಲಿಯೇ ಬರೆದಿದ್ದುದಲ್ಲ. ಬೇರೆ ದಾರಿ ಇತ್ತೆಂಬುದಕ್ಕೆ ಅದರ ನೆರಳಿನಲ್ಲಿ ಹುಟ್ಟಿದ ಪ್ಯಾರಿಸ್–ರೂಬೆಯೇ ನಿದರ್ಶನ. ವಿದ್ಯಾರ್ಥಿಗಳು ಯಾವುದೇ ಸಂಸ್ಥೆಯ ಅವನತಿಯನ್ನು ಅಭ್ಯಸಿಸುವಾಗ ಅದರೊಡನೆ ಹುಟ್ಟಿ ಉಳಿದುಬಂದ ಇನ್ನೊಂದನ್ನು ಪಕ್ಕಕ್ಕಿಟ್ಟು ನೋಡುವುದು ಉಚಿತ. ಹಾಗೆ ನೋಡಿದಾಗ, ಕಾಲಧರ್ಮವೆಂದು ನಾವು ಹೇಳಿ ಬಿಡುವ ಅನೇಕ ಸಂಗತಿಗಳ ಹಿಂದೆ ಮನುಷ್ಯರು ಮಾಡಿದ, ಮಾಡದೆ ಬಿಟ್ಟ ಆಯ್ಕೆಗಳು ಕಾಣಿಸಿಕೊಳ್ಳುತ್ತವೆ.