ಮೊಲದ ಮೈಬಣ್ಣವೂ ರಕ್ತದ ವಾದವೂ

ಬೆಂಗಳೂರಿನ ಪಶ್ಚಿಮಭಾಗದಲ್ಲಿರುವ ವಿಜಯನಗರವೆಂಬ ಬಡಾವಣೆಯು ತುಂಗಭದ್ರಾತೀರದ ಪ್ರಾಚೀನ ರಾಜಧಾನಿಯ ಹೆಸರನ್ನು ಹೊತ್ತಿರುವುದು. ಆ ರಾಜಧಾನಿಯು ಹುಟ್ಟಿದ ಕಥೆಯಲ್ಲಿ ಮೊಲವೊಂದು ಬರುವುದು. ಬೇಟೆನಾಯಿಗಳಿಗೆ ಹೆದರಿ ಓಡಬೇಕಾಗಿದ್ದ ಮೊಲವು ತಿರುಗಿ ನಿಂತು ಅವುಗಳನ್ನೇ ಕಚ್ಚಿತೆಂದು 16ನೆಯ ಶತಮಾನದಲ್ಲಿ ಪೋರ್ಚುಗೀಸನಾದ ನ್ಯೂನಿಜನು ಬರೆದಿಟ್ಟಿರುವನು. ಕೆಂಪೇಗೌಡನ ಬೆಂಗಳೂರಿಗೂ ಜನರು ಇಂಥದೇ ಕಥೆಯನ್ನು ಹೇಳುವುದುಂಟು. ಮೊಲದ ಶೌರ್ಯವು ನೆಲದ ಗುಣವೆಂಬುದು ಈ ಐತಿಹ್ಯದ ತಾತ್ಪರ್ಯ. ಲೋಕರೂಢಿಯಾದರೋ ಗುಣವನ್ನು ರಕ್ತಕ್ಕೆ ಆರೋಪಿಸುವುದು. ‘ರಕ್ತದಲ್ಲಿಯೇ ಬಂದುದು’ ಎಂದುಬಿಟ್ಟರೆ ಮಾತು ಮುಗಿಯಿತು. ಈ ಎರಡು ನಂಬಿಕೆಗಳೂ ಮನೆಯ ಗೂಡಿನಲ್ಲಿ ಸಾಕಿದ ಮೊಲದ ಮರಿಗಳ ಮೈಬಣ್ಣದಿಂದ ಪರೀಕ್ಷಿಸಲ್ಪಟ್ಟ ಇತಿಹಾಸವು ವಿಚಾರಾರ್ಹವಾಗಿದೆ.

ಮೊದಲು ಹೆಸರಿನ ಗೊಂದಲವನ್ನು ಬಿಡಿಸಬೇಕು. ಚಂದ್ರನಿಗೆ ಶಶಾಂಕನೆಂಬ ಹೆಸರನ್ನು ಕೊಟ್ಟ ನಮ್ಮ ಕಾಡುಮೊಲವು ಬೇರೆ. ಮನೆಗಳಲ್ಲಿ ಸಾಕುವ ಮೊಲವು ಬೇರೆ. ಎರಡನೆಯದರ ಮೂಲಕುಲವು ಯೂರೋಪಿನ ಪಶ್ಚಿಮದಲ್ಲಿರುವ ಸ್ಪೇನ್ ಮುಂತಾದ ದೇಶಗಳದು. ಕಾಡುಮೊಲದ ಮರಿಯು ಮೈತುಂಬ ಕೂದಲಿನೊಡನೆ ಕಣ್ತೆರೆದೇ ಹುಟ್ಟುವುದು. ಸಾಕುಮೊಲದ ಮರಿಯು ಗರ್ಭದಲ್ಲಿ ಸುಮಾರು 31 ದಿನಗಳಿದ್ದು, ಕೂದಲಿಲ್ಲದೆ, ಕಣ್ಮುಚ್ಚಿಕೊಂಡು, ತಾಯಿಯು ತನ್ನ ಮೈಯಿಂದ ಕಿತ್ತು ಹಾಸಿದ ತುಪ್ಪುಳಿನ ನಡುವೆ ಹುಟ್ಟುವುದು. ಆದರೂ ಅದರ ಬಣ್ಣವನ್ನು ತೊಗಲೇ ಸೂಚಿಸುವುದು. ಕಪ್ಪಾಗುವ ಮರಿಯ ತೊಗಲು ಸೀಸದಂತೆ ಕಪ್ಪಗಿರುವುದು. ಬೆಳ್ಳಗಾಗುವ ಮರಿಯು ಎಳೆಗೆಂಪಾಗಿರುವುದು. ಮಚ್ಚೆಗಳಿದ್ದರೆ ಅವು ಬರಿಯ ಮೈಮೇಲೆಯೇ ತೋರುವುವು. ಮೂರು ನಾಲ್ಕು ದಿನಗಳಲ್ಲಿ ನವಿರು ಮೂಡಿ, ಹತ್ತು ಹನ್ನೆರಡು ದಿನಗಳಲ್ಲಿ ಕಣ್ಣು ತೆರೆಯುವುದು.

ಚಾರಲ್ಸ್ ಡಾರ್ವಿನ್ ಪಂಡಿತನು 1868ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ದೇಹದ ಪ್ರತಿಯೊಂದು ಭಾಗವೂ ಸೂಕ್ಷ್ಮಕಣಗಳನ್ನು ಬಿಡುವುದೆಂದೂ, ಅವು ಬೀಜದಲ್ಲಿ ಬಂದು ಕೂಡಿ ಸಂತತಿಗೆ ಸೇರುವುವೆಂದೂ ಊಹಿಸಿದನು. ಆತನ ಬಂಧುವಾದ ಫ್ರಾನ್ಸಿಸ್ ಗಾಲ್ಟನ್ನನು, ಹಾಗಾದರೆ ಆ ಕಣಗಳು ರಕ್ತದಲ್ಲಿ ಹರಿಯಬೇಕಷ್ಟೆ ಎಂದು ಭಾವಿಸಿ, ಬೆಳ್ಳಿಬೂದು ಬಣ್ಣದ ಶುದ್ಧತಳಿಯ ಮೊಲಗಳಿಗೆ ಬೇರೆ ಬಣ್ಣದ ಮೊಲಗಳ ರಕ್ತವನ್ನು ತುಂಬಿಸಿ ಮರಿ ಹಾಕಿಸಿದನು. ಈ ತಳಿಯ ಮರಿಗಳು ಮೊದಲು ಕಪ್ಪಾಗಿದ್ದು ಅನಂತರ ಬೆಳ್ಳಿಯ ಛಾಯೆಯನ್ನು ಪಡೆಯುವುದರಿಂದ ಪರೀಕ್ಷಕನಿಗೆ ತಾಳ್ಮೆಯೂ ಬೇಕಾಗಿದ್ದಿತು. 1870ರ ಮೇ ತಿಂಗಳಲ್ಲಿ ಒಂದು ಮರಿಯ ಮುಂಗಾಲು ಬೆಳ್ಳಗಿರುವುದನ್ನು ಕಂಡು ಗಾಲ್ಟನ್ನನು ಹರ್ಷದಿಂದ ಡಾರ್ವಿನ್ನನಿಗೆ ಕಾಗದ ಬರೆದನು. ಎಳೆಯ ಮರಿಗಳನ್ನು ಕದಲಿಸದೆ ಇದ್ದುದರಿಂದ ಅದು ಹುಟ್ಟಿದ ಎಷ್ಟೋ ದಿನಗಳ ಮೇಲೆ ಕಣ್ಣಿಗೆ ಬಿದ್ದಿದ್ದಿತು. ಆದರೆ ಆ ಹರ್ಷವು ನಿಲ್ಲಲಿಲ್ಲ. 13 ಸೂಲುಗಳಲ್ಲಿ ಹುಟ್ಟಿದ 88 ಮರಿಗಳನ್ನು ನೋಡಿ, ತಳಿಯು ಕೆಟ್ಟ ಗುರುತು ಒಂದರಲ್ಲಿಯೂ ಇಲ್ಲವೆಂದು 1871ರಲ್ಲಿ ಆತನು ರಾಯಲ್ ಸೊಸೈಟಿಗೆ ನಿವೇದಿಸಿದನು. ತಾನು ರಕ್ತದ ಮಾತನ್ನೇ ಆಡಿರಲಿಲ್ಲವೆಂದು ಡಾರ್ವಿನ್ನನು ಉತ್ತರ ಕೊಟ್ಟನು. ಹೇಗಾದರೂ ಆಗಲಿ, ರಕ್ತದ ವಾದಕ್ಕೆ ಆಧಾರ ದೊರೆಯಲಿಲ್ಲ.

ಹಾಗಾದರೆ ಬಣ್ಣವು ಬರುವುದೆಲ್ಲಿಂದ? ಬಟಾಣಿ ಗಿಡಗಳಿಂದ ಮೆಂಡೆಲ್ಲನು ಕಂಡು 1866ರಲ್ಲಿ ಪ್ರಕಟಿಸಿದ ನಿಯಮವು ಮರೆಯಲ್ಲಿದ್ದು 1900ರಲ್ಲಿ ಮತ್ತೆ ಬೆಳಕಿಗೆ ಬಂದಿತು. 1905ರಲ್ಲಿ ಇಂಗ್ಲೆಂಡಿನ ಹರ್ಸ್ಟನೂ ಅಮೆರಿಕದ ಕ್ಯಾಸಲನೂ ಅದನ್ನು ಮೊಲಗಳಲ್ಲಿ ತೋರಿಸಿಕೊಟ್ಟರು. ಬೀಜವು ಹೆಚ್ಚೋ ಕ್ಷೇತ್ರವು ಹೆಚ್ಚೋ ಎಂದು ಮನುಸ್ಮೃತಿಯ 9ನೆಯ ಅಧ್ಯಾಯದಲ್ಲಿ ವಿಚಾರಿಸಿ ಬೀಜಕ್ಕೇ ಮೇಲ್ಮೆಯು ಹೇಳಲ್ಪಟ್ಟಿದೆ. ಮೊಲದ ಸಾಕ್ಷ್ಯವು ಹಾಗಿಲ್ಲ. ಬಣ್ಣದ ಒಂದೊಂದು ಅಂಶಕ್ಕೂ ತಂದೆಯಿಂದ ಒಂದು ಪಾಲು, ತಾಯಿಯಿಂದ ಒಂದು ಪಾಲು ಬರುವುದು. ರಾಜಾಜಿನಗರದ ಒಂದು ಹಿತ್ತಲಿನಲ್ಲಿ ಕಪ್ಪು ಗಂಡಿಗೂ ಕಪ್ಪು ಹೆಣ್ಣಿಗೂ ಬಿಳಿಯ ಮರಿ ಹುಟ್ಟಿತೆನ್ನಿ. ನೋಡಿದವರು ಕೂಡಲೆ ಪಕ್ಕದ ಗೂಡಿನ ಬಿಳಿಯ ಗಂಡನ್ನು ಶಂಕಿಸುವರು. ಆದರೆ ತಾಯಿಯು ನಿರ್ದೋಷಿಯಾಗಿರಬಹುದು. ಬಿಳುಪಿನ ಅಂಶವು ಇಬ್ಬರಲ್ಲಿಯೂ ಗುಪ್ತವಾಗಿದ್ದರೆ ನಾಲ್ಕು ಮರಿಗಳಿಗೆ ಸರಾಸರಿ ಒಂದು ಬೆಳ್ಳಗಾಗುವುದು ನಿಯಮವೇ ಸರಿ. ಅಜ್ಜನ ಬಣ್ಣವು ಮಗನಲ್ಲಿ ಅಡಗಿ ಮೊಮ್ಮಗನಲ್ಲಿ ತಲೆಯೆತ್ತುವುದು.

ನೆಲದ ಮಾತೂ ಪೂರ್ಣವಾಗಿ ಸುಳ್ಳಲ್ಲ. ಹಿಮಾಲಯವೆಂಬ ಹೆಸರಿನ ತಳಿಯ ಮರಿಗಳು ಬೆಳ್ಳಗೆ ಹುಟ್ಟುವುವು. ಕಿವಿ, ಮೂಗು, ಕಾಲು, ಬಾಲಗಳಲ್ಲಿ ಮಾತ್ರ ಬರಬರುತ್ತ ಕಪ್ಪು ಮೂಡುವುದು. ಬಣ್ಣವನ್ನು ಮಾಡುವ ವಸ್ತುವು ಈ ತಳಿಯಲ್ಲಿ ಮೈಯ ತಂಪಾದ ಕಡೆಗಳಲ್ಲಿಯೇ ಕೆಲಸ ಮಾಡುವುದು. ಮಾರ್ಗಶಿರದ ಚಳಿಯಲ್ಲಿ ತುಪ್ಪುಳಿನಿಂದ ಹೊರಕ್ಕೆ ಜಾರಿದ ಮರಿಯ ಮೊದಲ ಕೂದಲು ಮಬ್ಬಾಗಬಹುದು. ಆ ಮಬ್ಬು ಕೂದಲುದುರಿದಾಗ ಹೋಗುವುದು, ಸಂತತಿಗೆ ಇಳಿಯದು.

ಇದೇ ಗಾಲ್ಟನ್ನನು 1883ರಲ್ಲಿ ಮನುಷ್ಯಕುಲವನ್ನೇ ಆರಿಸಿ ಬೆಳೆಸಬೇಕೆಂಬ ಶಾಸ್ತ್ರಕ್ಕೆ ಯುಜೆನಿಕ್ಸ್ ಎಂದು ನಾಮಕರಣ ಮಾಡಿದನು. ಮುಂದೆ ಆ ಹೆಸರಿನಲ್ಲಿ ಅಮೆರಿಕ, ಜರ್ಮನಿ ಮೊದಲಾದ ದೇಶಗಳಲ್ಲಿ ಸಹಸ್ರಾರು ನಿರಪರಾಧಿಗಳು ಬಲವಂತದ ಶಸ್ತ್ರಕ್ರಿಯೆಯಿಂದ ಸಂತಾನಹೀನರಾದರು. ಹೊರಗೆ ಕಾಣುವ ಬಣ್ಣವು ಒಳಗಿರುವುದನ್ನೆಲ್ಲ ಹೇಳುವುದಿಲ್ಲವೆಂಬುದನ್ನು ಒಂದು ಸೂಲಿನ ಮರಿಗಳೇ ಕಲಿಸಬಲ್ಲವು. ರಕ್ತದ ಹೆಸರಿನಲ್ಲಿ ಒಬ್ಬರನ್ನು ಮೇಲೆಂದೂ ಮತ್ತೊಬ್ಬರನ್ನು ಕೀಳೆಂದೂ ನಿರ್ಣಯಿಸುವವರು ಆ ಗೂಡಿನ ಮುಂದೆ ಒಂದು ಗಳಿಗೆ ಕುಳಿತು ನೋಡುವುದು ಲೇಸು.